ಎಲೆ ಬೋರಲು ಹಾಕದವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅತ್ತೆ ನೂರಜಾನಬಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇರಲಿ. ಮೂಗು ನನ್ನದು, ಸಿಟ್ಟೂ ನನ್ನದು. ಆದರೆ ಆ ಭಾನುವಾರ ಅಮೃತಾ ಆಡಿದ ಮಾತು ಕೇಳಿದ್ದರೆ ಎಂಥ ತಣ್ಣನೆಯವರಿಗೂ ಮೈ ಉರಿಯುತ್ತಿತ್ತು.

ಕೊಪ್ಪಳದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅದಕ್ಕೂ ಮೊದಲು, ವಿರೂಪಾಪುರಗಡ್ಡೆಯಲ್ಲಿ ಗೆಸ್ಟ್‌ಹೌಸ್‌ಗಳಿದ್ದ ಕಾಲಕ್ಕೆ, ಅಲ್ಲಿ ಮಷಿನ್ ಇಟ್ಟುಕೊಂಡು ವಿದೇಶಿಯರಿಗೆ ಜೋಲು ಪಾಯಜಾಮ ಹೊಲಿಯುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಗಿರಾಕಿ ಬರುತ್ತಿರಲಿಲ್ಲ. ಪಾಯಜಾಮಕ್ಕೆ ಕಾದು ಕೂತ ಹುಡುಗಿಯೊಬ್ಬಳು ನನಗೆ ಪೋಕರ್ ಎಂಬ ಇಸ್ಪೀಟಾಟ ಕಲಿಸಿದಳು. ಗೆಸ್ಟ್‌ಹೌಸ್‌ಗಳು ಹೋದವು, ಆ ಹುಡುಗಿ ಎಲ್ಲಿದ್ದಾಳೋ, ಆಟ ಮಾತ್ರ ನನ್ನ ಜೊತೆ ಕೊಪ್ಪಳಕ್ಕೆ ಬಂತು.

ಆಟ ಕಷ್ಟದ್ದೇನಲ್ಲ. ಕೈಯಲ್ಲಿ ಎರಡು ಎಲೆ, ಯಾರಿಗೂ ತೋರಿಸುವಂತಿಲ್ಲ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಒಂದೊಂದಾಗಿ ತೆರೆಯುತ್ತವೆ. ಜೋಡಿ ಕೂಡುತ್ತದೆ ಎನಿಸಿದರೆ ಪಣ ಇಡಬೇಕು, ಇಲ್ಲದಿದ್ದರೆ ಎಲೆ ಬೋರಲು ಹಾಕಿ ಆ ಸುತ್ತಿನಿಂದ ಹೊರಗೆ ಬರಬೇಕು. ಜೂಜು ಹರಾಮು, ದುಡ್ಡಿನ ಆಟ ನಡೆಯುವುದಿಲ್ಲ ಎಂದು ಅತ್ತೆ ಷರತ್ತು ಹಾಕಿದ್ದಕ್ಕೆ ನಾವು ಭಾನುವಾರ ಮಧ್ಯಾಹ್ನ ಅಂಗಡಿಯಲ್ಲೇ ಹುಣಸೆಬೀಜ ಇಟ್ಟು ಆಡುತ್ತೇವೆ. ಷರತ್ತು ಹಾಕಿದವಳೇ ಮೊದಲು ಬಂದು ಚಾಪೆಯ ಮೇಲೆ ಕೂತಳು.

ಮೂರನೆಯವಳು ಅಮೃತಾ. ಯಲಬುರ್ಗಾದ ಹುಡುಗಿ, ಇಲ್ಲಿ ಸರ್ಕಾರಿ ಕಚೇರಿಯಲ್ಲಿ ಕೆಲಸ, ನಮ್ಮ ಮನೆಯ ಮಾಳಿಗೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದಾಳೆ. ಫೋನಿನಲ್ಲಿ ಆಡಿ ಆಡಿ ಪಳಗಿದವಳು; ಯಾವ ಎಲೆ ಬರುವ ಸಂಭವ ಎಷ್ಟು ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಾಳೆ. ನಾಲ್ಕನೆಯವಳು ಮುದಕಮ್ಮ. ಹಿಟ್ನಾಳದಿಂದ ಕುಪ್ಪಸ ಹೊಲಿಸಲು ಬಂದವಳು, ಆಟ ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡಳು. ಮುಂದಿನ ಭಾನುವಾರ ಹೊಲಿಸುವ ಬಟ್ಟೆಯಿಲ್ಲದೆಯೇ ಬಂದಳು. ಅರವತ್ತು ದಾಟಿದ ಹೆಂಗಸು ತನಗಾಗಿ ಮನೆ ಬಿಟ್ಟು ಹೊರಬರುತ್ತಿದ್ದದ್ದು ವಾರಕ್ಕೆ ಅದೊಂದೇ ಮಧ್ಯಾಹ್ನ.

ಒಪ್ಪುತ್ತೇನೆ, ಮುದಕಮ್ಮ ಕೆಟ್ಟದಾಗಿ ಆಡುತ್ತಿದ್ದಳು. ಎಲೆ ಬೋರಲು ಹಾಕುವುದೆಂದರೆ ಅವಳಿಗೆ ಗೊತ್ತೇ ಇರಲಿಲ್ಲ. ಎಂಥ ದರಿದ್ರ ಎಲೆ ಬಂದರೂ ಎದೆಗವಚಿಕೊಂಡು ಕೊನೆಯವರೆಗೆ ಬೀಜ ಇಡುತ್ತಿದ್ದಳು, ಸೋಲುತ್ತಿದ್ದಳು, ಡಬ್ಬಿಯಿಂದ ಮತ್ತೊಂದು ಹಿಡಿ ತೆಗೆದುಕೊಳ್ಳುತ್ತಿದ್ದಳು.

ಆ ಭಾನುವಾರ ಅಮೃತಾಳ ಕೈಯಲ್ಲಿ ಎರಡು ರಾಜ. ಅವಳು ರಾಶಿ ಬೀಜ ನೂಕಿದ ಕೂಡಲೇ ನಾನೂ ಅತ್ತೆಯೂ ಎಲೆ ಬೋರಲು ಹಾಕಿದೆವು. ಮುದಕಮ್ಮನ ಕೈಯಲ್ಲಿ ಏಳು ಮತ್ತು ಎರಡು, ಅದಕ್ಕಿಂತ ಕೆಟ್ಟ ಎಲೆ ಈ ಆಟದಲ್ಲಿಲ್ಲ. ಆದರೂ ಅವಳು ಕೂತೇ ಕೂತಳು. ನಡುವೆ ಒಂದು ಏಳು ಬಿತ್ತು, ಕಟ್ಟಕಡೆಗೆ ಒಂದು ಎರಡೂ ಬಿತ್ತು. ಎರಡು ಜೋಡಿಯ ಮುಂದೆ ರಾಜರ ಒಂದು ಜೋಡಿ ಸೋತಿತು.

ಮುದಕಮ್ಮನ ಮುಖ ಅರಳಿತು. ಅಮೃತಾ ಅದನ್ನು ಅರಳಲು ಬಿಡಲಿಲ್ಲ. ಆ ಎಲೆ ಹಿಡಿದು ಯಾವ ತಲೆಯಿದ್ದವರೂ ಕೂರುವುದಿಲ್ಲ ಎಂದಳು, ನೂರಕ್ಕೆ ಎಷ್ಟು ಸಲ ಸೋಲು ಎಂದು ಲೆಕ್ಕ ಒಪ್ಪಿಸಿದಳು, ಇದು ಕುರುಡು ಅದೃಷ್ಟ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಬಲ್ಲವಳೇ ಅಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಡೆಯುತ್ತಿತ್ತೋ ಏನೋ.

“ನಿಮ್ಮಂಥೋರು ಕುಂತ್ರ ಆಟನ ಕೆಡತೈತ್ರಿ,” ಎಂದುಬಿಟ್ಟಳು.

ಮುದಕಮ್ಮ ಗೆದ್ದ ಬೀಜವನ್ನೆಲ್ಲ ಎರಡೂ ಕೈಯಿಂದ ಅಮೃತಾಳ ಕಡೆಗೆ ಸರಿಸಿದಳು. ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದಳು. ಮುಂದಿನ ಭಾನುವಾರ ಅವಳ ಜಾಗ ಖಾಲಿ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅತ್ತೆ ನಿಟ್ಟುಸಿರು ಬಿಟ್ಟಳು. ನಿಟ್ಟುಸಿರು ನನಗೆ ಒಗ್ಗುವುದಿಲ್ಲ. ಅವಳನ್ನು ತಿರುಗಿ ತಂದು ಅದೇ ಚಾಪೆಯ ಮೇಲೆ ಕೂರಿಸದಿದ್ದರೆ ನನ್ನ ಹೆಸರು ಗುಲ್ಶನ ಅಲ್ಲ ಎಂದು, ಅಂಗಡಿಗೆ ಬೀಗ ಹಾಕಿ ಹಿಟ್ನಾಳದ ಬಸ್ಸು ಹತ್ತಿದೆ.

ಮುದಕಮ್ಮ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಬರುವುದಿಲ್ಲ ಎಂದಳು. ಅಮೃತಾ ಹೇಳಿದ್ದರಲ್ಲಿ ತಪ್ಪೇನಿಲ್ಲ, ತನ್ನಿಂದ ಬಲ್ಲವರ ಆಟ ಕೆಡುವುದು ಬೇಡ ಎಂದಳು. ಎಲೆ ಯಾವಾಗ ಬೋರಲು ಹಾಕಬೇಕೆಂದು ಬೇಕಾದರೆ ನಾನೇ ಕಲಿಸುತ್ತೇನೆ ಎಂದೆ. ಅವಳ ಕೈ ನಿಂತಿತು.

“ಅದು ನನಗ ಬರಂಗಿಲ್ಲಂತ ತಿಳಕೊಂಡಿಯೇನವಾ? ತಮ್ಮನ ಸಲುವಾಗಿ ಸಾಲಿ ಬಿಟ್ಟೆ. ನಾದಿನಿ ಮದವಿಗೆ ಬೋರಮಾಳ ಸರ ಬಿಟ್ಟುಕೊಟ್ಟೆ. ಮೊನ್ನೆ ಮೊಮ್ಮಗ ಓದಕೋತಾನಂತ ಖೋಲಿನೂ ಬಿಟ್ಟುಕೊಟ್ಟು ಇಲ್ಲಿ ಪಡಸಾಲ್ಯಾಗ ಮಲಗತೀನಿ. ಹುಣಸಿಬೀಜದ ಆಟದಾಗೂ ನಾನ ಬಿಟ್ಟುಕೊಡಬೇಕೇನು? ಅಲ್ಲೊಂದು ಕಡೆ ಕಡೀತನಕ ಕುಂದರತೀನಂತ ಹಟ ಮಾಡೀನಿ.”

ನನ್ನ ಕಣ್ಣು ತುಂಬಿತು, ಮರೆಮಾಚಲಿಲ್ಲ. ಕಡೆಯವರೆಗೂ ಕೂರು, ನಿನ್ನನ್ನು ಯಾರು ಎಬ್ಬಿಸುತ್ತಾರೋ ನೋಡುತ್ತೇನೆ ಎಂದೆ.

ಆ ಸಂಜೆಯೇ ಮಾಳಿಗೆ ಹತ್ತಿ ಅಮೃತಾಳಿಗೆ ಎಲ್ಲವನ್ನೂ ಹೇಳಿದೆ, ಖೋಲಿಯ ಮಾತನ್ನೂ ಸೇರಿಸಿ. ತಾನು ಸುಳ್ಳೇನೂ ಹೇಳಲಿಲ್ಲವಲ್ಲ, ಕಲಿಯಲಿ ಎಂದೇ ಹೇಳಿದ್ದು ಎಂದು ಅವಳು ಮೊದಲು ವಾದಿಸಿದಳು. ಕೇಳಿದವರಿಗೆ ಕಲಿಸು, ಕೇಳದವರ ಎಲೆ ಅವರದು ಎಂದೆ. ನಿಮ್ಮಿಬ್ಬರಲ್ಲಿ ಒಬ್ಬರೇ ಕೂರಬೇಕೆಂದಾದರೆ ಆ ಒಬ್ಬಳು ಮುದಕಮ್ಮ, ಇದನ್ನು ನೆನಪಿಟ್ಟುಕೋ ಎಂದೂ ಹೇಳಿದೆ.  ಅವಳು ಹಿಟ್ನಾಳದ ದಾರಿ ಕೇಳಿದಳು.

ಮರುದಿನ ಕಚೇರಿ ಮುಗಿಸಿ ಹೋಗಿ ಅವಳು ಅಲ್ಲಿ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಭಾನುವಾರ ಮುದಕಮ್ಮ ಬಂದಳು.

ಆದರೆ ಅಮೃತಾ ಈ ಸಲ ಇನ್ನೊಂದು ತಪ್ಪು ಮಾಡಿದಳು, ಒಳ್ಳೆಯ ಮನಸ್ಸಿನಿಂದಲೇ. ಮುದಕಮ್ಮ ಬೀಜ ಇಟ್ಟಾಗಲೆಲ್ಲ ಎಲೆ ಬೋರಲು ಹಾಕತೊಡಗಿದಳು. ಒಂದು ಸುತ್ತಿನಲ್ಲಿ ಅರ್ಧ ರಾಶಿ ಇಟ್ಟಿದ್ದವಳು, ಕೊನೆಯ ಎಲೆ ಬಿದ್ದ ಮೇಲೆ ನಗುತ್ತ ಕೈಬಿಟ್ಟಳು. ಬೀಜ ಮುದಕಮ್ಮನ ಮುಂದೆ ಬೆಳೆಯಿತು. ಅತ್ತೆ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ ಮುದಕಮ್ಮ ಅಮೃತಾಳ ಮಣಿಕಟ್ಟು ಹಿಡಿದಳು.

“ನನ್ನ ಸಲುವಾಗಿ ಎಲಿ ಬೋರಲ ಹಾಕಬ್ಯಾಡ ತಂಗಿ. ಮನಸ್ಸಿಲ್ಲದ ಬಿಟ್ಟುಕೊಡೋರ ಮಾರಿ ಹ್ಯಾಂಗಿರತೈತಿ ಅಂತ ನನಗ ಗೊತ್ತೈತಿ. ಆಡು.”

ಅಮೃತಾ ಕೆಂಪಗಾದಳು. ಆಗಲಿ ಎಂದು ತಲೆಯಾಡಿಸಿ, ಕಾಲು ಮಡಚಿ ನೆಟ್ಟಗೆ ಕೂತಳು.

ಮುಂದಿನ ಸುತ್ತಿಗೆ ಎಲೆ ಹಂಚಿದ್ದು ನಾನು. ಅಮೃತಾ ಬೀಜ ಇಟ್ಟಳು, ಮುದಕಮ್ಮ ಇಟ್ಟಳು. ಅಮೃತಾ ಏರಿಸಿದಳು, ಮುದಕಮ್ಮ ಬಿಡಲಿಲ್ಲ. ನಾನೂ ಅತ್ತೆಯೂ ಆಗಲೇ ಹೊರಗೆ. ನಡುವಿನ ಐದೂ ಎಲೆ ತೆರೆದಿದ್ದವು, ಅವುಗಳಲ್ಲಿ ಎರಡು ರಾಣಿ ಇಬ್ಬರನ್ನೂ ನೋಡುತ್ತ ಬಿದ್ದಿದ್ದವು. ಅಮೃತಾ ಪೂರ್ತಿ ರಾಶಿಯನ್ನು ಮುಂದೆ ನೂಕಿ, ತಲೆ ಎತ್ತಿ ಮುದಕಮ್ಮನ ಕಣ್ಣಲ್ಲೇ ಕಣ್ಣಿಟ್ಟು ನೋಡಿದಳು. ಆ ನೋಟದಲ್ಲಿ ಕನಿಕರ ಇರಲಿಲ್ಲ. ಅದಕ್ಕೆ ನಾನು ಮನಸ್ಸಿನಲ್ಲೇ ಭೇಷ್ ಎಂದೆ. ಮುದಕಮ್ಮ ತನ್ನ ಬೀಜವನ್ನೆಲ್ಲ ಕೂಡಿಸಿ, ಒಂದನ್ನೂ ಉಳಿಸಿಕೊಳ್ಳದೆ ಮುಂದಿಟ್ಟಳು.

ಅಮೃತಾಳ ಕೈಯಲ್ಲಿ ಮೂರನೆಯ ರಾಣಿ ಇತ್ತು. ಮುದಕಮ್ಮನ ಹತ್ತಿರ ಇದ್ದದ್ದು ನಾಲ್ಕರ ಒಂದು ಜೋಡಿ. ಯಾವ ಲೆಕ್ಕದಿಂದ ನೋಡಿದರೂ ಆ ಎಲೆ ಹಿಡಿದು ಅಲ್ಲಿಯವರೆಗೆ ಬರಬಾರದಿತ್ತು.

ಅಮೃತಾಳ ಬಾಯಿ ತೆರೆಯಿತು. ಲೆಕ್ಕ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು. ಅವಳು ಬಾಯಿ ಮುಚ್ಚಿದಳು. ಗೆದ್ದ ಬೀಜಕ್ಕೆ ಕೈ ಹಾಕುವ ಮೊದಲು ಎಲೆಗಳನ್ನೆಲ್ಲ ಒಟ್ಟುಗೂಡಿಸಿದಳು.

ಮುದಕಮ್ಮ ಖಾಲಿ ಚಾಪೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. ಅವಳು ಸೆರಗು ಸರಿಮಾಡಿಕೊಂಡು ಏಳುತ್ತಾಳೇನೋ ಎಂದುಕೊಂಡೆ. ಅವಳು ಇನ್ನಷ್ಟು ಮುಂದೆ ಸರಿದು ಕೂತಳು.

“ಇಷ್ಟು ವರ್ಷ ಆಡಲಾರದ ಸೋತೀನಿ,” ಎಂದಳು. “ಇವತ್ತ ಆಡಿ ಸೋತೆ. ಹಂಚು.”