ಬೆಚ್ಚಗಿನ ಹುಲ್ಲು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನಿಗೆ ಹೊಲದಪ್ಪ ಎಂದೇ ಹೆಸರು ಬಿದ್ದಿತ್ತು. ಇಪ್ಪತ್ತೆರಡು ವರ್ಷ ರೋಗಿಗಳ ಹಾಸಿಗೆ ಬಟ್ಟೆಯನ್ನು ಬ್ಲೀಚಿನಲ್ಲಿ ಅದ್ದಿ, ಕುದಿಸಿ, ಉಗಿ ಇಸ್ತ್ರಿಯಡಿ ತಳ್ಳಿದವನು ಬಾಯಿ ಬಿಟ್ಟರೆ ಊರಿನ ಹೊಲದ ಮಾತೇ. "ಇವನು ಬೆಡ್‌ಶೀಟ್ ಮೇಲೂ ನೇಗಿಲು ಹೂಡ್ತಾನೆ ಕಣ್ರೋ" ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವನ ಜೀವ ಹಿಡಿದಿಟ್ಟಿದ್ದು ಆ ಹಂಬಲವೊಂದೇ.

ಹೆಂಡತಿ ಮಕ್ಕಳಿಲ್ಲದ ಒಂಟಿ. ಲಾಂಡ್ರಿ ಮುಚ್ಚಿದ ವಾರದಲ್ಲೇ ಗಂಟುಮೂಟೆ ಕಟ್ಟಿಕೊಂಡು ಅಣ್ಣನ ಅಂಗಳದಲ್ಲಿ ನಿಂತ. ಅಣ್ಣ ಮಾತಿನಲ್ಲಿ ಮಹಾ ಜಿಪುಣ.

"ಈ ಸುಗ್ಗಿ ಮುಗಿಯೋವರೆಗೂ ಇದ್ದು ನೋಡು. ಕೆಲಸ ಕೈಗೆ ಹತ್ತಿದ್ರೆ ಇಲ್ಲೇ ಇದ್ಬಿಡು. ಇಲ್ದಿದ್ರೆ ನಿನಗೂ ಕಷ್ಟ, ನಮಗೂ ಕಷ್ಟ" ಎಂದ.

ಹೊಲದಪ್ಪ ಮೈಮುರಿದು ದುಡಿದ. ಬೆನ್ನು ನೋಯುತ್ತಿದ್ದರೂ ಅಂಥ ನಿದ್ದೆಯನ್ನು ಅವನು ಎಂದೂ ಕಂಡಿರಲಿಲ್ಲ. ಒಂದೇ ಒಂದು ವಿಷಯ ಮುಚ್ಚಿಟ್ಟಿದ್ದ. ಬ್ಲೀಚಿನ ಘಾಟಿಗೆ ಅವನ ಮೂಗು ಸತ್ತು ಎಷ್ಟೋ ವರ್ಷವಾಗಿತ್ತು. ಬಿಸಿ ಬಟ್ಟೆ ಎಳೆದೆಳೆದು ಕೈಗಳೂ ಜಡ್ಡುಗಟ್ಟಿದ್ದವು. ಒಮ್ಮೆ ಎದುರಿಗೇ ಹಾಲು ಸೀದು ತಳ ಹಿಡಿದಾಗ ಅತ್ತಿಗೆ ಓಡಿ ಬಂದು, "ಮೂಗಿಲ್ವೇನೋ ನಿನಗೆ?" ಎಂದು ಗದರಿದ್ದಳು. "ನೆಗಡಿ ಅತ್ತಿಗೆ" ಎಂದು ತೇಲಿಸಿಬಿಟ್ಟಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಅಣ್ಣ ವಾಪಸ್ಸು ಕಳಿಸಿಬಿಟ್ಟಾನು ಎಂಬ ಭಯ.

ಆ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಕೊಟ್ಟಿಗೆಗೆ ಹೊಸ ಹುಲ್ಲು ತುಂಬಿದ ಮೇಲೆ ಒಂದು ತಿಂಗಳು, ದಿನಾ ಬೆಳಿಗ್ಗೆ ಯಾರಾದರೊಬ್ಬರು ಅದರೊಳಕ್ಕೆ ಹೆಗಲವರೆಗೂ ತೋಳು ತೂರಿಸಿ, ಒಂದು ಹಿಡಿ ಕಿತ್ತು ಮೂಸಬೇಕು. ಹಸಿ ಉಳಿದ ಹುಲ್ಲು ಒಳಗೊಳಗೇ ಬಿಸಿಯೇರಿ, ಕೊನೆಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸುಟ್ಟ ಸಕ್ಕರೆಯಂಥ ವಾಸನೆ ಬಂತೋ, ಇದ್ದಬದ್ದ ಕೆಲಸ ಬಿಟ್ಟು ರಾಶಿಯನ್ನೇ ಹೊರಗೆಳೆದು ಹರಡಬೇಕು. ಈ ಸಲ ಮಳೆಗೆ ಹೆದರಿ ಹುಲ್ಲನ್ನು ಅವಸರದಲ್ಲಿ ತುಂಬಿದ್ದರು.

"ಇನ್ಮೇಲೆ ಇದು ನಿನ್ನ ಕೆಲಸ" ಎಂದ ಅಣ್ಣ. ಹೊಲದಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅದನ್ನು ಹೊರಗಿನವರಿಗೆ ಯಾರೂ ಒಪ್ಪಿಸುತ್ತಿರಲಿಲ್ಲ.

ಹದಿನಾಲ್ಕನೆಯ ಬೆಳಿಗ್ಗೆ ತೋಳಿಗೆ ಬೆಚ್ಚಗೆನಿಸಿತು. ಇಪ್ಪತ್ತೆರಡು ವರ್ಷ ಇಸ್ತ್ರಿಯ ಮುಂದೆ ನಿಂತವನಿಗೆ ಅದು ಬಿಸಿಯೇ ಅಲ್ಲ. ಅಪ್ಪನ ಹಾಗೆಯೇ ಹಿಡಿ ಹುಲ್ಲನ್ನು ಮೂಗಿಗೆ ಹಿಡಿದ. "ಚೆನ್ನಾಗಿದೆ ಅಣ್ಣ" ಎಂದ. ಮರುದಿನವೂ ಅದನ್ನೇ ಹೇಳಿದ.

ಅದರ ಮರುದಿನ ನಡುಮಧ್ಯಾಹ್ನ ಕೊಟ್ಟಿಗೆ ಹೊತ್ತಿಕೊಂಡಿತು. ಅಣ್ಣ ಒಳಗೆ ನುಗ್ಗಿ ಒಂದು ಹಸುವಿನ ಹಗ್ಗ ಬಿಚ್ಚಿದ. ಇನ್ನೊಂದು ಹಸುವಿನ ಗಂಟಿಗೆ ಕೈ ಹಾಕಿದಾಗ ಮಾಡು ಕುಸಿಯಿತು. ಅವನನ್ನು ಎಳೆದು ತಂದರು. ಜೀವ ಉಳಿಯಿತು, ಕೈಗಳು ಉಳಿಯಲಿಲ್ಲ.

ನೋಡಲು ಬಂದವರಿಗೆಲ್ಲ ಅಣ್ಣ ಮಂಚದಿಂದಲೇ ಹೇಳುತ್ತಿದ್ದ: "ತಪ್ಪು ನಂದೇ. ಹಸಿ ಹುಲ್ಲು ತುಂಬಿಸ್ದೆ. ಪಾಪ, ತಮ್ಮ ದಿನಾ ಮೂಸಿ ನೋಡ್ತಿದ್ದ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹೊಲದಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಸತ್ತ ಹಸು ತೊಲೆಗಳಡಿ ಸಿಕ್ಕಿಕೊಂಡು ನಾಲ್ಕು ದಿನವಾದರೂ ಹೊರಬರಲಿಲ್ಲ. ಹಗಲಿಡೀ ತೊಲೆ ಎಳೆದು ಬಂದ ಹೊಲದಪ್ಪ ಜಗಲಿಯಲ್ಲಿ ಊಟಕ್ಕೆ ಕುಳಿತ. ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಡಿಸಿದಳು. ಅವನು ಗಬಗಬನೆ ಉಂಡು, "ಇನ್ನೊಂಚೂರು ಹಾಕಿ" ಎಂದು ತಟ್ಟೆ ಮುಂದೆ ಚಾಚಿದ.

ಸೌಟು ಅರ್ಧಕ್ಕೇ ನಿಂತಿತು. ಅತ್ತಿಗೆ ಕೊಟ್ಟಿಗೆಯ ಕಡೆ ನೋಡಿದಳು, ಅವನ ಮುಖ ನೋಡಿದಳು.

"ಯಾವಾಗಿಂದ?"

ಚಾಚಿದ ತಟ್ಟೆಯನ್ನು ಅವನು ಕೆಳಗಿಟ್ಟ. "ಬಹಳ ವರ್ಷ ಆಯ್ತು ಅತ್ತಿಗೆ... ನಾಳೆ ಬೆಳಿಗ್ಗೆನೇ ಹೊರಟು ಹೋಗ್ತೀನಿ."

"ಎಲ್ಲಿಗೆ?" ಅವಳು ದನಿ ಏರಿಸಲಿಲ್ಲ. "ಅವರ ಬಾಯಿಗೆ ತುತ್ತಿಡೋಕೆ ಕೈ ಬೇಕು. ಮೈ ತೊಳೆಯೋಕೆ ಕೈ ಬೇಕು. ಹೊಲಕ್ಕೆ ಕೈ ಬೇಕು. ಇಲ್ಲೇ ಇರ್ಬೇಕು ಅಂತ ತಾನೆ ಸುಳ್ಳು ಹೇಳಿದ್ದು? ಇರು. ಸಾಯೋವರೆಗೂ ಇರು."

ಒಳಗಿನಿಂದ ಅಣ್ಣ ಕೂಗಿದ: "ಏನೇ, ಅವನಿಗೆ ಸರಿಯಾಗಿ ಬಡಿಸು. ಒಬ್ಬನೇ ದುಡೀತಿದ್ದಾನೆ."

ಅತ್ತಿಗೆ ಎರಡು ಸೌಟು ಬಡಿಸಿ ಅವನೆದುರೇ ಕುಳಿತಳು. ಅವನು ತಟ್ಟೆ ಖಾಲಿಯಾಗುವವರೆಗೂ ಉಂಡ.