ಮೊಳೆಯ ಮೇಲಿನ ಹೂವಿನಂಗಿ

ಕಪ್ಪು ಕೋಟು, ಅದರ ಹಿಂದೆ ಇನ್ನೊಂದು ಕಪ್ಪು ಕೋಟು, ಮೊಣಕಾಲು ದಾಟಿ ಇಳಿದದ್ದು, ಇವರಿಗೆಲ್ಲ ಒಬ್ಬನೇ ದರ್ಜಿ ಹೊಲಿದು ಕೊಟ್ಟನೋ ಹೇಗೆ, ಸಿಯೋಲಿನ ಚಳಿಗಾಲವೆಂದರೆ ಊರಿಗೆ ಊರೇ ಯಾರದೋ ಸಾವಿಗೆ ಹೊರಟ ಹಾಗೆ — ಅವರ ನಡುವೆ ನಾನೂ ಒಬ್ಬಳು, ಬಸ್ ನಿಲ್ದಾಣದ ಬೆಂಚಿನ ಮೇಲೆ, ಗದ್ದದವರೆಗೆ ಜಿಪ್ಪು ಎಳೆದು, ಮೂಗಿನ ಮೇಲೆ ಮಾಸ್ಕು, ಗುಂಗುರು ಕೂದಲೆಲ್ಲ ಕಪ್ಪು ಟೊಪ್ಪಿಗೆಯೊಳಗೆ, ದಕ್ಷಿಣದ ಕಡಲ ಕಡೆಯ ಬೊಲ್ಗ್ಯೋ ಸಂತೆಯಲ್ಲಿ ಚಿಪ್ಪಿ ಮಾರುವ ಹೆಂಗಸು ಇವಳು ಅಂತ ಯಾರು ಹೇಳಬೇಕು, ಬೆರಳ ಸಂದಿಯ ಕೆಸರಿನ ವಾಸನೆಯೊಂದು ಹೇಳೀತು, ಅದಕ್ಕೂ ಕೈಗವಸು ಹಾಕಿದ್ದೇನೆ. ಕೋಟು ನನ್ನದಲ್ಲ, ಗೋಹುಂಗ್‌ನವಳದು, ಪಕ್ಕದ ಮನೆಯವಳು, ಸಂತೆಯಲ್ಲೂ ಪಕ್ಕದವಳು, ತನ್ನ ಸೊಸೆಯದನ್ನು ತಂದು ತೊಡಿಸಿ ನನ್ನ ಸುತ್ತ ಒಂದು ಸುತ್ತು ಬಂದಳು, ಅಬ್ಬಬ್ಬಾ ಬೋರಾ ಅವ್ವ, ನಿನ್ನ ಗಂಡ ಗೋರಿಯಿಂದ ಎದ್ದು ಬಂದ್ರೂ ಗುರ್ತು ಹಿಡಿಯಲ್ಲ ಕಣೇ, ಹಿಡೀದಿದ್ರೆ ಬಿಡ್ಲಿ, ಬದುಕಿದ್ದಾಗ ಏನ್ ಮಹಾ ಕಣ್ಬಿಟ್ಟು ನೋಡಿದ್ದ ಅಂದೆ ನಾನು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ನಿನ್ನೆ ನಗುವುದಕ್ಕೇನು.

ಇವತ್ತು ಮಧ್ಯಾಹ್ನ ಎರಡೂ ಮನೆಯವರು ಎದುರುಬದುರು ಕೂತು ಉಣ್ಣಬೇಕು, ಮಗಳ ಮದುವೆಗೆ ಮುಂಚೆ ಆಗಲೇಬೇಕಾದ ಊಟ, ಅಲ್ಲಿ ಬೀಗಿತ್ತಿ ಕೂತ ಬಗೆ, ಸೂಪು ಕುಡಿದ ಸದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ, ಹುಡುಗನ ಕಡೆಯವರು ತಲೆಮಾರಿನಿಂದ ಸಿಯೋಲಿನವರು, ಅವನ ತಾಯಿ ಪಿಯಾನೋ ಕಲಿಸುವವಳು, ಮಾತಾಡಿದರೆ ಪಕ್ಕದವರಿಗೂ ಕೇಳಿಸುವುದಿಲ್ಲವಂತೆ. ನಾನು ಮಾತಾಡಿದರೆ ಸಮುದ್ರ ಇಳಿದಾಗ ಕೆಸರುಬಯಲಿನ ಈ ತುದಿಯಿಂದ ಆ ತುದಿಗೆ ಕೇಳಿಸಬೇಕು, ಇಲ್ಲದಿದ್ದರೆ ಉಬ್ಬರ ಬಂದದ್ದು ಆಚೆಯವಳಿಗೆ ಗೊತ್ತಾಗುವುದು ಹೇಗೆ — ಹೋದ ವಸಂತದಲ್ಲಿ ಬಂದಾಗಲೂ ಹಾಗೇ ಕೂಗಿದ್ದೆ, ನೆಲದಡಿಯ ರೈಲಿನ ಕಟ್ಟೆಯಲ್ಲಿ, ತಲೆಯ ಮೇಲೆ ಗಂಟು, ಮೈಮೇಲೆ ಹತ್ತಿ ತುಂಬಿದ ತೋಳಿಲ್ಲದ ಕೆಂಪು ಹೂವಿನಂಗಿ, ಏ ಬೋರಾ, ಇಲ್ಲಿದೀನಿ ಕಣೇ! ಎಲ್ಲರೂ ತಿರುಗಿದರು, ಮಗಳ ಕಿವಿ ಆ ಹೂವಿನಷ್ಟೇ ಕೆಂಪಾಯಿತು, ಅವ್ವಾ ಮೆಲ್ಲಗೆ, ಎಲ್ರೂ ನೋಡ್ತಾರೆ, ಮುಂದಿನ ಸಲ ಇಲ್ಲಿಯವರ ಥರ ಏನಾದ್ರೂ ಹಾಕ್ಕೊಂಡ್ ಬಾ. ಬೈಯಲಿಲ್ಲ ಅವಳು, ಗಂಟನ್ನು ತಾನೇ ಎತ್ತಿಕೊಂಡಳು, ಆದರೂ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು, ಸರಿ ಮಗಳೇ, ನೋಡ್ತಿರು, ಮುಂದಿನ ಸಲ ನೀನೇ ಬೆರಗಾಗಬೇಕು.

ಕೈ ಮತ್ತೆ ಹೊಟ್ಟೆಯ ಹತ್ತಿರ ಹೋಗುತ್ತದೆ, ಅಲ್ಲೇನೂ ಇಲ್ಲ, ಫೋನು ಇರುವುದು ಹೂವಿನಂಗಿಯ ಒಳಜೇಬಿನಲ್ಲಿ, ಚಿಪ್ಪಿ ಆಯುವಾಗ ಕೆಸರಿಗೆ ಬೀಳದಿರಲಿ ಅಂತ ನಾನೇ ಹೊಲಿದ ಜೇಬು, ಅಂಗಿ ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ, ಬಸ್ಸು ಅರ್ಧ ದಾರಿ ಬಂದ ಮೇಲೆ ನೆನಪಾಯಿತು, ಇರಲಿ ಬಿಡು, ನಾನು ಕೂತಲ್ಲೇ ಕೂತಿರುತ್ತೇನೆ, ಹೆತ್ತವಳನ್ನು ಹುಡುಕುವುದಕ್ಕೆ ಫೋನು ಬೇಕೇ — ಅಗೋ ಬಂದಳು ಬೋರಾ. ಅವಳದೂ ಕಪ್ಪು ಕೋಟು, ಕೂದಲು ಬಿಚ್ಚಿಹೋಗಿದೆ, ಕಿವಿಗೆ ಫೋನು, ಕಣ್ಣು ಎಲ್ಲಿ ಕೆಂಪು ಕಂಡರೆ ಅಲ್ಲಿಗೆ ಓಡುತ್ತಿದೆ, ಮುದುಕನೊಬ್ಬನ ಚೀಲ, ಯಾವುದೋ ಮಗುವಿನ ಟೋಪಿ, ನನ್ನ ಮುಂದೆಯೇ ಬಂದಳು, ಕಾಲು ನನ್ನ ಮೊಣಕಾಲಿಗೆ ತಗುಲಿತು, ಕ್ಷಮಿಸಿ ಅಜ್ಜಿ ಅಂದಳು, ಹೊರಗಿನವರಿಗೆ ಅಂತ ಇಟ್ಟುಕೊಂಡ ನಯವಾದ ದನಿಯಲ್ಲಿ. ನನಗೋ, ಹಾಳು ಬುದ್ಧಿ, ಖುಷಿಯಾಯಿತು. ಹೆತ್ತ ಮಗಳಿಗೇ ಗುರುತು ಸಿಗಲಿಲ್ಲವಲ್ಲ, ಗೋಹುಂಗ್‌ನವಳಿಗೆ ಹೇಳಬೇಕು, ಇವಳು ಇನ್ನೆರಡು ಹೆಜ್ಜೆ ಹೋಗಲಿ, ಆಮೇಲೆ ಕರೆದು ಬೆಚ್ಚಿಬೀಳಿಸುತ್ತೇನೆ, ಏ ಬೋ — ಗಂಟಲವರೆಗೆ ಬಂತು, ಅವ್ವಾ ಮೆಲ್ಲಗೆ, ಎಲ್ರೂ ನೋಡ್ತಾರೆ, ನುಂಗಿಕೊಂಡೆ, ನುಂಗಿ ಮುಗಿಸುವಷ್ಟರಲ್ಲಿ ಕಪ್ಪು ಕಪ್ಪಿನಲ್ಲಿ ಬೆರೆತುಹೋಯಿತು, ಇದು ಬೋರಾ, ಅಲ್ಲ, ಅದು ಬೋರಾ, ಅದೂ ಅಲ್ಲ, ಈಗ ನನಗೂ ನನ್ನ ಮಗಳ ಗುರುತು ಸಿಗಲಿಲ್ಲ.

ಎದ್ದೆ, ಕೂತೆ, ಎದ್ದೆ, ಮೇಲಿನಿಂದ ಧ್ವನಿವರ್ಧಕ, ಬೊಲ್ಗ್ಯೋದಿಂದ ಬಂದಿರುವ ಓ ಜಮ್‌ಸುನ್ ಅವರೇ — ಎಷ್ಟು ಕಾಲವಾಯಿತು ಈ ಹೆಸರು ಕೇಳಿ, ಮಗಳು ಹುಟ್ಟಿದಂದಿನಿಂದ ನಾನು ಬೋರಾ ಅವ್ವ — ತೋಳಿಲ್ಲದ ಕೆಂಪು ಹೂವಿನಂಗಿ, ಎಡ ಹೆಗಲ ಮೇಲೆ ಹಸಿರು ದಾರದ ತೇಪೆ, ನೇರಳೆ ಪಾಯಿಜಾಮ, ಗುಂಗುರು ಕೂದಲು, ಯಾರಾದರೂ ಕಂಡರೆ ವಿಚಾರಣೆಯವರಿಗೆ ತಿಳಿಸಿ, ಮಗಳು ಕಾಯುತ್ತಿದ್ದಾರೆ. ಹಸಿರು ದಾರದ ತೇಪೆ! ಅದನ್ನೂ ನೋಡಿಟ್ಟುಕೊಂಡಿದ್ದಾಳೆ, ನಾಚಿಕೆಪಟ್ಟುಕೊಂಡ ಅಂಗಿಯನ್ನು ಯಾರಾದರೂ ಹಾಗೆ ನೋಡುತ್ತಾರೆಯೇ, ನಾನು ಒಂದೇ ಮಾತು ಕಟ್ಟಿಕೊಂಡು ಚಳಿಗಾಲದವರೆಗೆ ಕುದ್ದೆನಲ್ಲ. ಬೆಂಚಿನವರೆಲ್ಲ ಆ ಹೂವಿನ ಮುದುಕಿಗಾಗಿ ಅತ್ತಿತ್ತ ನೋಡಿದರು, ನಾನೂ ನೋಡಿದೆ. ಕಾವಲಿನವನ ತೋಳು ಹಿಡಿದು ಕೇಳಿದೆ, ಅಪ್ಪಾ, ಅವರು ಕರೀತಿರೋದು ನನ್ನೇ, ವಿಚಾರಣೆ ಎಲ್ಲೈತೆ, ಅವನು ಅಡಿಯಿಂದ ಮುಡಿವರೆಗೆ ನೋಡಿ ನಕ್ಕ, ಅಜ್ಜಿ, ಅವ್ರು ಹುಡುಕ್ತಿರೋದು ಹಳ್ಳಿ ಅಜ್ಜೀನ, ನೀವು ಸಿಯೋಲಿನವರೇ ಅಲ್ವಾ. ಈ ಮಾತು ಕೇಳಬೇಕೆಂದೇ ನಾನು ಬಂದದ್ದು, ಕೇಳಿದೆ, ಹೊಟ್ಟೆ ತುಂಬಿತು.

ವಿಚಾರಣೆ ಈ ಕಟ್ಟಡದ ಕೊನೆಗಿತ್ತು, ಈ ಮಂಡಿ ಇಟ್ಟುಕೊಂಡು, ಯಾವ ಮೂಲೆ ತಿರುಗಿದರೂ ಕಪ್ಪು ಬೆನ್ನು, ಕೊನೆಗೂ ಮುಟ್ಟಿದೆ, ಮಾಸ್ಕು ಕಿತ್ತೆ, ಟೊಪ್ಪಿಗೆ ಕಿತ್ತೆ, ಅಲ್ಲಿಯ ಹುಡುಗಿ ನನ್ನ ಗುಂಗುರು ಕೂದಲು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು, ಅಯ್ಯೋ ಅಜ್ಜಿ, ನೀವಾ, ನಿಮ್ ಮಗಳು ಇಷ್ಟೊತ್ತು ಇಲ್ಲೇ ಅಳ್ತಾ ನಿಂತಿದ್ರು, ಫೋನ್ ರಿಂಗಾಗ್ತಿದೆ ಅವ್ವ ಎತ್ತುತಿಲ್ಲ, ಪಕ್ಕದ್ಮನೆಯವ್ರೂ ಎತ್ತುತಿಲ್ಲ — ಸಂತೆಯ ದಿನ ಗೋಹುಂಗ್‌ನವಳಿಗೆ ಏನು ಕೇಳೀತು — ಅಪ್ಪನೂ ಹೀಗೇ ಹೋಗಿದ್ದು, ಅಡುಗೆಮನೇಲಿ ಬಿದ್ದು, ನಾನು ಫೋನ್ ಮಾಡ್ತಾನೇ ಇದ್ದೆ ಅಂತಿದ್ರು, ಅವ್ವ ಬಸ್ಸೇ ಹತ್ತಿಲ್ಲ ಅಂತ ಬೊಲ್ಗ್ಯೋ ಬಸ್ಸಿಗೆ ಓಡಿದ್ರು, ಈಗ ತಾನೇ ಹೊರಡ್ತು. ಊಟ ಇತ್ತಲ್ಲ ಅಂದೆ. ಯಾವ ಊಟ ಅಜ್ಜಿ? ಆ ಹುಡುಗನ ಅಪ್ಪ ಅಮ್ಮ ಬಿಳಿ ಹಾಸಿನ ಮೇಜಿನ ಮುಂದೆ ಕೂತು ಬಾಗಿಲು ನೋಡುತ್ತಿದ್ದಾರೆ, ಇವಳು ಎಲ್ಲವನ್ನೂ ಬಿಟ್ಟು ನನ್ನ ಹೆಣ ಹುಡುಕಿಕೊಂಡು ಹೋಗುತ್ತಿದ್ದಾಳೆ, ಮಗಳ ನಂಬರ್ ಹೇಳಿ, ನಾನು ಮಾಡ್ತೀನಿ, ಅವ್ರು ಕೊಡೋಕೂ ನಿಲ್ಲಲಿಲ್ಲ ಅಂದಳು ವಿಚಾರಣೆಯ ಹುಡುಗಿ, ನಂಬರು ನನಗೆಲ್ಲಿ ಗೊತ್ತು ತಾಯಿ, ಮೊದಲನೇ ಗುಂಡಿ ಒತ್ತಿ ಹಿಡಿದರೆ ಮಗಳು, ಅಷ್ಟೇ. ಆಗ ಕೂಗಿದೆ, ಏ ಬೋರಾ, ಇಲ್ಲಿದೀನಿ ಕಣೇ, ಕೆಸರುಬಯಲಿನ ಆ ತುದಿಗೆ ಕೂಗುವ ಹಾಗೆ, ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ನೋಡಿತು, ಕಪ್ಪು ಕೋಟುಗಳೆಲ್ಲ ತಿರುಗಿದವು, ಅದೊಂದು ಬಿಟ್ಟು — ಅದು ಕಿಟಕಿಗೆ ಒರಗಿ ಕಿವಿಗೆ ಫೋನು ಒತ್ತಿಕೊಂಡು ದಕ್ಷಿಣಕ್ಕೆ ಹೋಗುತ್ತಿದೆ, ಅಲ್ಲಿ ಅಡುಗೆಮನೆ, ಬಾಗಿಲ ಪಕ್ಕದ ಮೊಳೆ, ಮೊಳೆಯಲ್ಲಿ ಕೆಂಪು ಹೂವಿನಂಗಿ, ಅದರ ಹೊಟ್ಟೆಯೊಳಗೆ ಫೋನು ಬಡಿದುಕೊಳ್ಳುತ್ತಿದೆ, ನಿಲ್ಲುತ್ತದೆ, ಮತ್ತೆ ಬಡಿದುಕೊಳ್ಳುತ್ತದೆ, ಮೊಳೆಯಲ್ಲಿ ಹೂವಿನಂಗಿ, ಖಾಲಿ, ಮೊಳೆಯಲ್ಲಿ