ಜತ್ತಪ್ಪ ತೊಳೆದ ಜಾಲರಿ

ತೊಂಬತ್ತೆಂಟರ ಮಾತು. ನಿಝಾಮುದ್ದೀನ್ ಮೆಲ್ಕಾರಿನಿಂದ ಎರಡು ಬಸ್ಸು ಬದಲಿಸಿ ಮೂಡುಬಿದಿರೆಯ ಹೊರಗಿನ ಪದವು ಎನ್ನುವ ಕಲ್ಲುಬಯಲಿಗೆ ಬರುವಷ್ಟರಲ್ಲಿ ವಿಮಾನದ ಎಣ್ಣೆ ಸೋಸುವ ಜಾಲರಿ ಮದುಮಗಳ ಮೂಗುತಿಯಂತೆ ಹೊಳೆಯುತ್ತಿತ್ತು.

"ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದಿದ್ದೇನೆ ಸಾಹೇಬ್ರೆ," ಎಂದ ಜತ್ತಪ್ಪ. ಮೂವತ್ತು ವರ್ಷ ಬಸ್ಸಿನ ಎಂಜಿನ್ ಬಿಚ್ಚಿದ ಕೈ. "ಶಾರ್ಜಾದಲ್ಲಿ ವಿಮಾನ ರಿಪೇರಿ ಮಾಡಿದವರಿಗೆ ಕೊಳಕು ತೋರಿಸ್ಲಿಕ್ಕೆ ಆಗ್ತದಾ?"

ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸುವ ಊರು, ಬೈಯುವುದು ಹೇಗೆ? ಆದರೆ ನಿಝಾಮುದ್ದೀನ್ ಬಂದದ್ದೇ ಆ ಕೊಳಕನ್ನು ನೋಡಲು.

ಅವನ ಶಾಲೆಯ ಗೆಳೆಯ ಸುಧಾಕರ, ಗುರುವಾಯನಕೆರೆಯ ಹೋಟೆಲಿನ ಧಣಿ, ಹಾರಲು ಕಲಿತು ಎರಡು ಸೀಟಿನ ಹಳೆಯ ವಿಮಾನ ತಂದಿದ್ದ. ಮೊನ್ನೆ ಎಣ್ಣೆಯ ಒತ್ತಡದ ಮುಳ್ಳು ಇಳಿದಿತ್ತಂತೆ. ಒಳಗೆ ಏನಾದರೂ ಸವೆಯುತ್ತಿದ್ದರೆ ಉಕ್ಕಿನ ಚೂರು ಜಾಲರಿಯಲ್ಲಿ ಸಿಗಬೇಕಿತ್ತು.

"ಡಬ್ಬಿ ಫಿಲ್ಟರ್ ಹಾಕಿಸು ಅಂತ ಆಗ್ಲೇ ಹೇಳಿದ್ದೆ," ಎಂದ ನಿಝಾಮುದ್ದೀನ್, ಪಕ್ಕದಲ್ಲಿ ನಿಂತಿದ್ದ ಸುಧಾಕರನಿಗೆ. " ಒಳಗೆ ಮಡಚಿದ ಕಾಗದ ಉಂಟು, ಧೂಳಿನಷ್ಟು ಚೂರನ್ನೂ ಹಿಡೀತದೆ. ಕತ್ತರಿಸಿ ಬಿಡಿಸಿದ್ರೆ ಎಂಜಿನಿನ ಜಾತಕವೇ ಓದ್ಬಹುದು. ಈ ಜಾಲರಿ ಅನ್ನ ಬಸಿಯುವ ಪಾತ್ರೆ ಹಾಗೆ. ಅಗುಳು ನಿಲ್ತದೆ, ಉಳಿದದ್ದೆಲ್ಲ ಎಂಜಿನಿನ ಹೊಟ್ಟೆಗೆ."

"ಡಬ್ಬಿಯನ್ನು ಪ್ರತಿ ಸಲ ಬಿಸಾಡ್ಬೇಕಲ್ಲ ಮಾರಾಯ. ನಾನು ಚಾ ಸೋಸುವ ಬಟ್ಟೆಯನ್ನೇ ಬಿಸಾಡುದಿಲ್ಲ."

"ನಿನ್ನ ಚಾ ಕುಡಿದವರಿಗೆಲ್ಲ ಅದು ಗೊತ್ತುಂಟು."

"ಆಯ್ತು, ಈಗ ಏನು ಕಂಡಿತು ಹೇಳು."

"ಏನೂ ಕಾಣ್ಲಿಲ್ಲ. ಅದೇ ತೊಂದರೆ. ಇವತ್ತು ಹಾರ್ಬೇಡ."

"ಏನೂ ಇಲ್ಲದ್ದಕ್ಕೆ ನಿಲ್ಲಿಸುದಾ? ಜತ್ತಪ್ಪ, ಜಾಲರಿ ಕೂರಿಸು."

ಸುಧಾಕರನ ಹೆಂಡತಿ ಕಾಂತಿ ಆಗಲೇ ಸೀಟಿನಲ್ಲಿ ಬೆಲ್ಟು ಬಿಗಿದು ಕುಳಿತಿದ್ದಳು.

"ಕಾಂತಿಯಕ್ಕ, ನೀವಾದ್ರೂ ಇಳೀರಿ."

"ಅಮ್ಮ ಅಂಗಳದಲ್ಲಿ ಕೆಂಪು ಸೀರೆ ಹಾಸಿ ಕಾಯ್ತಿದ್ದಾರೆ ನಿಝಾಮಣ್ಣ. ತವರಿನ ಮೇಲೆ ಒಂದೇ ಸುತ್ತು."

ನಿಝಾಮುದ್ದೀನ್ ಜತ್ತಪ್ಪನ ಕೈ ಹಿಡಿದ. "ತೊಳೆದ ಸೀಮೆಎಣ್ಣೆ ಎಲ್ಲಿ?"

ಜತ್ತಪ್ಪ ಶೆಡ್ಡಿನ ಹಿಂದಿನ ನೆಲ ತೋರಿಸಿದ.

ನಿಝಾಮುದ್ದೀನ್ ಚೀಲದಿಂದ ಅಯಸ್ಕಾಂತ ತೆಗೆದು, ಮೊಣಕಾಲೂರಿ, ಒದ್ದೆ ಮಣ್ಣಿನ ಮೇಲೆ ಎಳೆದ. ಗಡ್ಡದಂತೆ ಕಪ್ಪು ಪುಡಿ ಮೆತ್ತಿಕೊಂಡಿತು. ಸಿಕ್ಕಿತು! ಅನುಮಾನಕ್ಕೆ ಪಕ್ಕದ ಒಣನೆಲದಲ್ಲೂ ಎಳೆದ. ಅಲ್ಲೂ ಅಷ್ಟೇ ಗಡ್ಡ. ಕೆಂಪು ಮುರಕಲ್ಲಿನ ಪದವು, ಕಬ್ಬಿಣ ಆ ಕಲ್ಲಿನ ಹುಟ್ಟುಗುಣ. ಯಾವ ಕಣ ಎಂಜಿನಿನದು, ಯಾವುದು ಊರಿನದು?

ಅಷ್ಟರಲ್ಲಿ ಜತ್ತಪ್ಪ ಜಾಲರಿ ಕೂರಿಸಿ ಆಗಿತ್ತು, ಎಂಜಿನ್ ಗುಡುಗಿತು. ಅವನು ಓಡಿ ಬಂದು, ಬೇಡ ಬೇಡ ಎಂದು ಎರಡೂ ಕೈ ಬೀಸಿದ. ಕಾಂತಿಯೂ ನಗುತ್ತ ಕೈ ಬೀಸಿದಳು. ಚಕ್ರ ನೆಲ ಬಿಟ್ಟಿತು.

"ಎಷ್ಟು ನುಣ್ಣಗಿನ ಶಬ್ದ! ತೊಳೆದದ್ದರ ಗುಣ ಸಾಹೇಬ್ರೆ," ಎಂದ ಜತ್ತಪ್ಪ.

ಆ ಶಬ್ದ ಎಲ್ಲಿ ತುಂಡಾಗುತ್ತದೋ ಎಂದು ಕಿವಿಗೊಟ್ಟು, ಗಡ್ಡ ಬೆಳೆದ ಅಯಸ್ಕಾಂತವನ್ನು ಹಿಡಿದುಕೊಂಡೇ ನಿಝಾಮುದ್ದೀನ್ ನಿಂತಿದ್ದ.